ಪಶುಪತಿನಾಥ ಯಾತ್ರೆಯ ಜೊತೆಗಿನ ‘ರಾಣಾ ಕಾಲದ ನಡಿಗೆ’: ಕೊಟ್ಟ ದುಡ್ಡಿಗೆ ಸಿಗುವುದೇನು?

ಶಿರಸಿ, ಯಲ್ಲಾಪುರ, ಕುಮಟಾ, ಕಾರವಾರ ಕಡೆಯಿಂದ ನೇಪಾಳಕ್ಕೆ ಹೊರಡುವ ಗುಂಪುಗಳ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ. ಪಶುಪತಿನಾಥ, ಬುಢಾನೀಲಕಂಠ, ಮನಕಾಮನಾ, ಪೋಖರಾ, ಕಾಲಲ್ಲಿ ಬಲವಿದ್ದವರಿಗೆ ಮುಕ್ತಿನಾಥ. ನಡುವೆ ಕಾಠ್ಮಂಡುವಿನಲ್ಲಿ ಒಂದು ದಿನ ಉಳಿಯುತ್ತದೆ. ಸಾಮಾನ್ಯವಾಗಿ ಆ ದಿನ ರುದ್ರಾಕ್ಷಿ, ಶಾಲು, ಸ್ವೆಟರ್ ಖರೀದಿಯಲ್ಲಿ ಮುಗಿದುಹೋಗುತ್ತದೆ. ಜಿಲ್ಲೆಯ ಯಾತ್ರಾ ಆಯೋಜಕರೊಬ್ಬರು ಈಗ ಅದೇ ದಿನಕ್ಕೆ ‘ರಾಣಾ ಕಾಲದ ನಡಿಗೆ’ ಎಂಬ ಪ್ರತ್ಯೇಕ ಸೇವೆ ಕೊಡುತ್ತಿದ್ದಾರೆ. ವಿಷಯ ಜಂಗ್ ಬಹಾದೂರ್ ರಾಣಾ: ಸಿಂಹಾಸನದ ಮೇಲೆ ರಾಜನನ್ನು ಹಾಗೇ ಕೂರಿಸಿಟ್ಟು, ಮಂತ್ರಿ ಪದವಿಯನ್ನೇ ತನ್ನ ಮನೆತನದ ಆಸ್ತಿ ಮಾಡಿಕೊಂಡವನು. ಅವನು ಹಾಕಿಕೊಟ್ಟ ಏರ್ಪಾಡು 1846ರಿಂದ 1951ರವರೆಗೆ, ನೂರ ನಾಲ್ಕು ವರ್ಷಕ್ಕೂ ಮೇಲೆ ನಡೆಯಿತು.

ಯಾತ್ರೆಯ ದರದ ಮೇಲೆ ತಲೆಗೆ 1,200 ರೂಪಾಯಿ, ನಮ್ಮ ರೂಪಾಯಿಯಲ್ಲಿ. ಇದರಲ್ಲಿ ಹಿಂದಿ ಮಾತಾಡುವ ಸ್ಥಳೀಯ ಲೈಸೆನ್ಸ್ ಗೈಡ್, ಕನ್ನಡದಲ್ಲಿ ಹೇಳಲು ಯಾತ್ರೆಯ ಜೊತೆಗೇ ಬರುವ ಮೇಲ್ವಿಚಾರಕರು, ಕನ್ನಡದ 24 ಪುಟಗಳ ಕೈಪಿಡಿ, ಮಿನಿಬಸ್ಸು, ಮಧ್ಯಾಹ್ನದ ಊಟ ಸೇರಿವೆ. ಪ್ರವೇಶ ಶುಲ್ಕ ಸೇರಿಲ್ಲ. ಮೊದಲೇ ಹೇಳಿಬಿಡುತ್ತೇವೆ: ಇತಿಹಾಸದಲ್ಲಿ ಸ್ವಲ್ಪವಾದರೂ ಆಸಕ್ತಿ ಇದ್ದವರು ತಪ್ಪದೆ ತೆಗೆದುಕೊಳ್ಳಬೇಕಾದ ಸೇವೆ ಇದು. ಕನ್ನಡದಲ್ಲಿ ಇಷ್ಟು ಶ್ರದ್ಧೆಯಿಂದ ಈ ವಿಷಯ ಹೇಳುವವರು ಬೇರೆ ಇಲ್ಲ. ಆದರೆ ನೋಡುವ ಜಾಗಗಳ ಅನುಕ್ರಮ ತಪ್ಪಿದೆ, ಕೈಪಿಡಿಯಲ್ಲಿ ತಿದ್ದಲೇಬೇಕಾದ ಮಾತುಗಳಿವೆ, ಮತ್ತು ಇಡೀ ಕಥೆಯ ಕೀಲು ಎಲ್ಲಿದೆಯೋ ಅಲ್ಲಿ ವಿವರಣೆ ಗಡಿಬಿಡಿಯಲ್ಲಿ ಮುಗಿಯುತ್ತದೆ.

ಈಗಿನ ಕಾರ್ಯಕ್ರಮದಲ್ಲಿ ಬೆಳಿಗ್ಗೆ ಬಸ್ಸು ಮೊದಲು ನಿಲ್ಲುವುದು ಸಿಂಹ ದರ್ಬಾರಿನ ಗೇಟಿನೆದುರು. ದೊಡ್ಡ ಬಿಳಿ ಅರಮನೆ, ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಅದನ್ನು ಕಟ್ಟಿಸಿದವನು ಮುಂದಿನ ತಲೆಮಾರಿನ ರಾಣಾ ಪ್ರಧಾನಿ ಚಂದ್ರ ಶಂಶೇರ್. ಮುಗಿದದ್ದು 1908ರಲ್ಲಿ, ಅಂದರೆ ಜಂಗ್ ಬಹಾದೂರ್ ಸತ್ತು ಮೂವತ್ತೊಂದು ವರ್ಷವಾದ ಮೇಲೆ. ಮೊದಲು ನೋಡಿದ್ದು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಮುಂದೆ ಗೈಡ್, ಜಂಗ್ ಬಹಾದೂರನನ್ನು ಅಧಿಕಾರಕ್ಕೆ ತಂದ 1846ರ ‘ಕೋತ್ ಹತ್ಯಾಕಾಂಡ’ ಎಂದಾಗ ಅರ್ಧ ಜನ ಅದು ಆ ಬಿಳಿ ಅರಮನೆಯಲ್ಲೇ ನಡೆಯಿತೆಂದು ತಿಳಿದುಕೊಳ್ಳುತ್ತಾರೆ. ಊರಿಗೆ ಬಂದು ಮನೆಯಲ್ಲಿ ಹೇಳುವುದೂ ಹಾಗೆಯೇ. ಆದ್ದರಿಂದ ನಡಿಗೆ ರಾಜರ ಹಳೇ ಅರಮನೆಯಾದ ಹನುಮಾನ್ ಢೋಕಾದಿಂದಲೇ ಶುರುವಾಗಬೇಕು. ಬೆಳಿಗ್ಗೆ ಬೇಗ ಹೋದರೆ ಅಲ್ಲಿ ಜನಸಂದಣಿಯೂ ಕಡಿಮೆ, ಬಿಸಿಲೂ ಕಡಿಮೆ.

ಹನುಮಾನ್ ಢೋಕಾದ ನಾಸಲ್ ಚೌಕದಲ್ಲಿ ಗುಂಪನ್ನು ಕೂರಿಸಿ, 1845ಕ್ಕಿಂತ ಹಿಂದಿನ ಸಂಗತಿ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಈ ಭಾಗ ಚೆನ್ನಾಗಿದೆ. ಭೀಮಸೇನ್ ಥಾಪಾ 1806ರಿಂದ 1837ರವರೆಗೆ ಮುಖ್ತಿಯಾರನಾಗಿ (ಪ್ರಧಾನಿಗೆ ಸಮನಾದ ಹುದ್ದೆ) ರಾಜ್ಯ ಆಳಿದ್ದು, ಅವನು ಬಿದ್ದ ಮೇಲೆ ದರ್ಬಾರಿನಲ್ಲಿ ಥಾಪಾ, ಪಾಂಡೆ, ಬಸ್ನೇತ್, ಚೌತರಿಯಾ ಬಣಗಳ ಕಚ್ಚಾಟ, ರಾಜ ರಾಜೇಂದ್ರ ವಿಕ್ರಮ ಶಾಹನ ಅಸ್ಥಿರ ಬುದ್ಧಿ, ಯುವರಾಜ ಸುರೇಂದ್ರನ ಕ್ರೂರ ಸ್ವಭಾವ, ಕಿರಿಯ ರಾಣಿ ರಾಜ್ಯಲಕ್ಷ್ಮಿಗೆ ತನ್ನ ಮಗನನ್ನೇ ಪಟ್ಟಕ್ಕೆ ತರಬೇಕೆಂಬ ಹಟ. 1843ರ ಆರಂಭದಲ್ಲಿ ರಾಜನೇ ಅಧಿಕಾರವನ್ನು ಆ ರಾಣಿಯ ಕೈಗೆ ಕೊಟ್ಟ. ಹೀಗೆ ಒಂದು ಮನೆಯಲ್ಲಿ ಮೂರು ಯಜಮಾನರು. ಯಾರ ಮಾತು ಕೇಳಬೇಕೆಂದು ಗೊತ್ತಾಗದೆ ಭಾರದಾರರು (ದರ್ಬಾರಿನ ದೊಡ್ಡ ಅಧಿಕಾರಿಗಳು) ಒಬ್ಬೊಬ್ಬರೂ ಒಂದೊಂದು ಕಡೆ ವಾಲಿದರು.

ಜಂಗ್ ಬಹಾದೂರ್ ಹುಟ್ಟಿದ್ದು 1817ರಲ್ಲಿ, ಕುಂವರ್ ಮನೆತನದಲ್ಲಿ. ಮೊದಲ ಹೆಸರು ವೀರ ನರಸಿಂಹ ಕುಂವರ್. ಜಂಗ್ ಬಹಾದೂರ್ ಎಂದು ಕರೆದದ್ದು ಸೋದರಮಾವ ಮಾಥವರ್ ಸಿಂಗ್ ಥಾಪಾ. ‘ರಾಣಾ’ ಎಂಬುದು ಆಗ ಈ ಮನೆತನಕ್ಕೆ ಇರಲೇ ಇಲ್ಲ. ಅಧಿಕಾರ ಕೈಗೆ ಬಂದ ನಂತರ ಚಿತ್ತೋಡದ ರಜಪೂತರ ವಂಶಾವಳಿ ತಮ್ಮದೆಂದು ಹೇಳಿಕೊಂಡು, ರಾಜಮುದ್ರೆ ಹಾಕಿಸಿ ಪಡೆದದ್ದು. ಕೈಪಿಡಿ ಮಾತ್ರ ಮೊದಲ ಪುಟದಿಂದಲೇ ‘ರಾಣಾ ಕುಟುಂಬ’ ಎನ್ನುತ್ತದೆ. ತಿದ್ದಬೇಕಾದ ಮೊದಲ ಮಾತು ಇದು. ಸಾಧಾರಣ ಕಾಜಿಯ (ದರ್ಬಾರಿನ ಒಬ್ಬ ಅಧಿಕಾರಿಯ) ಮಗ ಮೇಲೇರಿದ್ದು ಹೇಗೆಂಬುದೇ ವಿಷಯವಾಗಿರುವಾಗ, ಅವನು ಹುಟ್ಟುವಾಗಲೇ ರಾಣಾ ಆಗಿದ್ದನೆಂದರೆ ಏರಿಕೆ ಕಾಣುವುದೇ ಇಲ್ಲ.

1845ರ ಮೇ 17ರ ರಾತ್ರಿ ಇದೇ ಅರಮನೆಯಲ್ಲಿ ಪ್ರಧಾನಿಯಾಗಿದ್ದ ಮಾಥವರ್ ಸಿಂಗನ ಕೊಲೆಯಾಯಿತು. ರಾಣಿಗೆ ಹುಷಾರಿಲ್ಲವೆಂದು ಕರೆಸಿ, ಒಳಗೆ ಬಂದವನ ಮೇಲೆ ಗುಂಡು ಹಾರಿಸಿದರು. ರಾಜ-ರಾಣಿಯರ ಆಜ್ಞೆಯಂತೆ ಹಾರಿಸಿದ ಕೈ ಜಂಗ್ ಬಹಾದೂರನದು. ಗೈಡ್ ಇದನ್ನು ಮುಚ್ಚಿಡದೆ ಹೇಳುತ್ತಾರೆ, ಅದು ಮೆಚ್ಚಬೇಕಾದ್ದು. ಆದರೆ ಮುಂದಿನ ಸಂಗತಿಯನ್ನು ಹಾರಿಸಿಬಿಡುತ್ತಾರೆ: ಆ ಕೊಲೆಯಿಂದ ಜಂಗ್ ಬಹಾದೂರನಿಗೆ ಪ್ರಧಾನಿ ಪಟ್ಟವೇನೂ ಸಿಗಲಿಲ್ಲ. ಫತೇ ಜಂಗ್ ಶಾಹ ಪ್ರಧಾನಿಯಾದ. ರಾಣಿಯ ನೆಚ್ಚಿನ ಗಗನ್ ಸಿಂಗನ ಕೈಯಲ್ಲಿ ಏಳು ಪಲ್ಟನ್ ಇದ್ದವು, ಜಂಗ್ ಬಹಾದೂರನಿಗೆ ಮೂರು. ಈ ಏಳು-ಮೂರರ ಲೆಕ್ಕ ಗುಂಪಿಗೆ ಮನದಟ್ಟಾಗದಿದ್ದರೆ ಕೋತ್‌ನಲ್ಲಿ ಏನಾಯಿತೆಂಬುದು ಬರೀ ರಕ್ತದ ಕಥೆಯಾಗಿ ಉಳಿಯುತ್ತದೆ.

ಕೋತ್ ಎಂದರೆ ಅರಮನೆಗೆ ತಾಗಿದ ಶಸ್ತ್ರಾಗಾರದ ಅಂಗಳ. ಇವತ್ತಿಗೂ ಅದು ಸೇನೆಯ ವಶದಲ್ಲಿದೆ, ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಹೊರಗಿನ ರಸ್ತೆಯಲ್ಲಿ ನಿಂತೇ ಕೇಳಿಸಿಕೊಳ್ಳಬೇಕು. ಕರಪತ್ರದಲ್ಲಿ ‘ಕೋತ್ ದರ್ಶನ’ ಎಂದು ಹಾಕಿರುವುದು ಸರಿಯಲ್ಲ. ಒಳಗೆ ಹೋಗಬಹುದೆಂದುಕೊಂಡು ಬಂದವರಿಗೆ ಬೇಸರವಾಗುವುದು ಸಹಜ, ಗೇಟಿನ ಸೈನಿಕರ ಜೊತೆ ವಾದಕ್ಕಿಳಿಯುವವರೂ ಇದ್ದಾರೆ. ಅಲ್ಲಿ ಫೋಟೋ ತೆಗೆಯುವುದೂ ಬೇಡ.

1846ರ ಸೆಪ್ಟೆಂಬರ್ 14ರ ರಾತ್ರಿ ಗಗನ್ ಸಿಂಗ್ ತನ್ನ ಮನೆಯಲ್ಲಿ ಪೂಜೆಗೆ ಕೂತಿದ್ದಾಗ ಗುಂಡಿಗೆ ಬಲಿಯಾದ. ಕೊಲ್ಲಿಸಿದವರು ಯಾರೆಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಿಟ್ಟಿನಿಂದ ಕುದಿಯುತ್ತಿದ್ದ ರಾಣಿ ಆ ರಾತ್ರಿಯೇ ಎಲ್ಲ ಭಾರದಾರರೂ ಕೋತ್‌ಗೆ ಬರಬೇಕೆಂದು ಕರೆ ಕಳಿಸಿದಳು. ಉಳಿದವರು ಇದ್ದ ಹಾಗೇ ಎದ್ದು ಬಂದರು. ಜಂಗ್ ಬಹಾದೂರ್ ತನ್ನ ಆರು ಮಂದಿ ತಮ್ಮಂದಿರನ್ನೂ ಪಲ್ಟನ್‌ಗಳನ್ನೂ ಕಟ್ಟಿಕೊಂಡು ಬಂದು ಅಂಗಳದ ಸುತ್ತ ಸಿಪಾಯಿಗಳನ್ನು ನಿಲ್ಲಿಸಿದ. ಒಳಗೆ ಮಾತಿಗೆ ಮಾತು ಬೆಳೆಯಿತು, ಕತ್ತಿ ಹೊರಬಂತು. ಬೆಳಗಾಗುವುದರೊಳಗೆ ಫತೇ ಜಂಗ್ ಶಾಹ, ಅಭಿಮಾನ್ ಸಿಂಗ್ ಸೇರಿದಂತೆ ಹತ್ತಾರು ಭಾರದಾರರ ಹೆಣ ಬಿದ್ದಿತ್ತು. ಸತ್ತವರ ಸಂಖ್ಯೆಯನ್ನು ಒಂದೊಂದು ಕಡೆ ಒಂದೊಂದು ರೀತಿ ಕೊಡುತ್ತಾರೆ. ಗೈಡ್ ಒಂದೇ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದಕ್ಕಿಂತ ಹೀಗೆಂದೇ ಹೇಳುವುದು ಪ್ರಾಮಾಣಿಕ. ಮರುದಿನ ರಾಣಿಯೇ ಜಂಗ್ ಬಹಾದೂರನನ್ನು ಪ್ರಧಾನಿ ಮಾಡಿದಳು. ವಯಸ್ಸು 29.

ಇಲ್ಲಿಂದ ಮುಂದೆ ಎರಡು ತಿಂಗಳೂ ಕಳೆದಿರಲಿಲ್ಲ. ಸುರೇಂದ್ರನನ್ನು ತೆಗೆದುಬಿಡು ಎಂದು ರಾಣಿ ಒತ್ತಾಯಿಸಿದಳು, ಇವನು ಒಪ್ಪಲಿಲ್ಲ. ಅಕ್ಟೋಬರ್ 31ರಂದು ಅರಮನೆಯ ಭಂಡಾರ್‌ಖಾಲ್ ತೋಟದಲ್ಲಿ ಅವನನ್ನೇ ಮುಗಿಸುವ ಸಂಚು ನಡೆಯಿತು. ಸುಳಿವು ಮೊದಲೇ ಸಿಕ್ಕಿತ್ತು. ಸಂಚು ಮಾಡಿದವರೇ ಸತ್ತರು. ರಾಣಿಯನ್ನು ಕಾಶಿಗೆ ಗಡಿಪಾರು ಮಾಡಿದ, ರಾಜನೂ ಅವಳ ಹಿಂದೆ ಹೋದ. 1847ರ ಮೇ ತಿಂಗಳಲ್ಲಿ ರಾಜೇಂದ್ರನನ್ನು ಇಳಿಸಿ ಸುರೇಂದ್ರನನ್ನು ಪಟ್ಟಕ್ಕೆ ಕೂರಿಸಿದ. ರಾಜೇಂದ್ರ ಸೈನ್ಯ ಕಟ್ಟಿಕೊಂಡು ತರಾಯಿಗೆ (ನೇಪಾಳದ ದಕ್ಷಿಣದ ಬಯಲು) ನುಗ್ಗಿ ಸೋತು ಸೆರೆ ಸಿಕ್ಕಿ, ಭಕ್ತಪುರದಲ್ಲಿ ಕಾವಲಿನಲ್ಲಿ ದಿನ ಕಳೆದ. ಕೈಪಿಡಿಯ ಎರಡನೆಯ ತಪ್ಪು ಇಲ್ಲಿದೆ: ‘ರಾಜನನ್ನು ಕೊಂದು ಜಂಗ್ ಬಹಾದೂರ್ ರಾಜನಾದ’ ಎಂಬ ಸಾಲು. ಅವನು ರಾಜನನ್ನು ಕೊಲ್ಲಲೂ ಇಲ್ಲ, ನೇಪಾಳದ ರಾಜನಾಗಲೂ ಇಲ್ಲ. ಶಾಹ ವಂಶದ ದೊರೆ ಸಿಂಹಾಸನದ ಮೇಲೆ ಹಾಗೇ ಇದ್ದ. ಈ ಒಂದು ಸಾಲನ್ನು ಹಾಗೇ ಬಿಟ್ಟರೆ ಉಳಿದ 23 ಪುಟ ಬರೆದದ್ದು ದಂಡ.

ಗುಂಪಿನಲ್ಲಿ ಯಾರಾದರೂ ಹಿರಿಯರು ಕೇಳೇ ಕೇಳುತ್ತಾರೆ: “ತಮ್ಮಾ, ರಾಜ ಅಂವ ಆದ್ರೆ ಇಂವ ಎಂತಕ್ಕೆ ಮಹಾರಾಜ?” ಇಡೀ ನಡಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇದಕ್ಕೆ ಉತ್ತರ ಕೊಡಲು ಕನಿಷ್ಠ ಅರ್ಧ ಗಂಟೆ ಇಡಬೇಕು. ಈಗ ಬಸ್ಸಿನಲ್ಲಿ, ಹಾರ್ನ್ ಸದ್ದಿನ ನಡುವೆ, ಐದು ನಿಮಿಷದಲ್ಲಿ ಮುಗಿಸುತ್ತಾರೆ.

ಉತ್ತರ ಇರುವುದು 1856ರ ಆಗಸ್ಟ್ ತಿಂಗಳಲ್ಲಿ. ಅಷ್ಟರಲ್ಲಿ ಜಂಗ್ ಬಹಾದೂರ್ ಮೂರು ಕೆಲಸ ಮುಗಿಸಿದ್ದ. ಸೇನೆಯ ಆಯಕಟ್ಟಿನ ಹುದ್ದೆಗಳನ್ನೆಲ್ಲ ತಮ್ಮಂದಿರಿಗೆ ಹಂಚಿದ್ದ. 1850ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಇಂಗ್ಲೆಂಡ್, ಫ್ರಾನ್ಸ್ ನೋಡಿ, ಇಂಗ್ಲಿಷರ ಬಲ ಎಷ್ಟೆಂದು ಕಣ್ಣಾರೆ ತಿಳಿದುಕೊಂಡು ಬಂದಿದ್ದ. ಅವರ ಜೊತೆ ಕಾದಾಟ ಬೇಡವೆಂಬ ನೀತಿ ಅಲ್ಲಿಂದ ಗಟ್ಟಿಯಾಯಿತು. 1854ರಲ್ಲಿ ಹಿರಿಮಗ ಜಗತ್ ಜಂಗನಿಗೆ ರಾಜ ಸುರೇಂದ್ರನ ಮಗಳನ್ನೇ ತಂದುಕೊಂಡು ಅರಮನೆಗೆ ಬೀಗನಾಗಿದ್ದ. ಅದೇ ವರ್ಷ ಮುಲುಕಿ ಐನ್ ಎಂಬ ಕಾನೂನು ಸಂಹಿತೆ ಜಾರಿಗೆ ಬಂದಿತ್ತು. ದೇಶದ ಎಲ್ಲ ಜಾತಿ, ಬುಡಕಟ್ಟುಗಳನ್ನೂ ಜನಿವಾರ ಹಾಕುವವರಿಂದ ಹಿಡಿದು ಮುಟ್ಟಿಸಿಕೊಳ್ಳದವರವರೆಗೆ ಒಂದೇ ಏಣಿಯಲ್ಲಿ ಕೂರಿಸಿ, ಒಂದೇ ತಪ್ಪಿಗೆ ಜಾತಿಗೊಂದು ಶಿಕ್ಷೆ ಬರೆದ ಗ್ರಂಥ ಅದು. ಅದರ ಗಾಯ ನೇಪಾಳದಲ್ಲಿ ಇನ್ನೂ ಮಾಯ್ದಿಲ್ಲ. ಕೈಪಿಡಿ ಇದನ್ನು ‘ಆಧುನಿಕ ಕಾನೂನು’ ಎಂದಷ್ಟೇ ಹೊಗಳಿ ಮುಂದೆ ಹೋಗುವುದು ನ್ಯಾಯವಲ್ಲ.

ಇನ್ನು ಆಗಸ್ಟ್ 1856. ತಿಂಗಳ ಮೊದಲ ದಿನ ಜಂಗ್ ಬಹಾದೂರ್ ಪ್ರಧಾನಿ ಪದವಿಗೆ ರಾಜೀನಾಮೆ ಕೊಟ್ಟ. ತಮ್ಮ ಬಂ ಬಹಾದೂರ್ ಆ ಜಾಗಕ್ಕೆ ಬಂದ. ವಾರ ಕಳೆಯುವುದರೊಳಗೆ ಸುರೇಂದ್ರನ ಕೆಂಪು ಮುದ್ರೆಯ ಆಜ್ಞಾಪತ್ರ, ಲಾಲ್‌ಮೋಹರ್, ಹೊರಬಿತ್ತು: ಜಂಗ್ ಬಹಾದೂರ್ ಕಾಸ್ಕಿ ಮತ್ತು ಲಮ್ಜುಂಗ್ ಎಂಬ ಎರಡು ಪ್ರಾಂತಗಳ ಮಹಾರಾಜ, ಮತ್ತು ಆ ಪದವಿ ವಂಶಪಾರಂಪರ್ಯ. ರಾಜ ದಾರಿ ತಪ್ಪಿದರೆ ತಡೆಯುವ ಅಧಿಕಾರ, ಇಂಗ್ಲಿಷರ ಜೊತೆಗೂ ಚೀನಾ ಜೊತೆಗೂ ಸಂಬಂಧ ಕೆಡದಂತೆ ನೋಡಿಕೊಳ್ಳುವ ಅಧಿಕಾರ ಅದರಲ್ಲಿತ್ತು. ಪ್ರಧಾನಿ ಪದವಿಯೂ ಇದೇ ಮನೆಯೊಳಗೆ ಸುತ್ತಬೇಕೆಂದು ಗಟ್ಟಿಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಬಂ ಬಹಾದೂರ್ ತೀರಿಕೊಂಡ. ಜೂನ್ ಕೊನೆಗೆ ಜಂಗ್ ಬಹಾದೂರ್ ಮತ್ತೆ ಪ್ರಧಾನಿಯಾದ. ಈಗ ಒಬ್ಬನ ತಲೆಯ ಮೇಲೆ ಎರಡು ಪದವಿ: ಯಾರೂ ಕಿತ್ತುಕೊಳ್ಳಲಾಗದ ಮಹಾರಾಜಗಿರಿ, ರಾಜ್ಯವಾಳುವ ಮಂತ್ರಿಗಿರಿ. ರಾಜ ‘ಶ್ರೀ 5’, ರಾಣಾ ‘ಶ್ರೀ 3’. ಎರಡು ಶ್ರೀ ಕಡಿಮೆ, ಅಧಿಕಾರ ಪೂರ್ತಿ.

ಕೋತ್ ಅವನಿಗೆ ಪದವಿ ಕೊಟ್ಟಿತು. ಅಂಥ ಪದವಿ ಅವನಿಗಿಂತ ಮುಂಚೆ ಭೀಮಸೇನ್ ಥಾಪಾನಿಗೂ ಸಿಕ್ಕಿತ್ತು, ಮಾಥವರ್ ಸಿಂಗನಿಗೂ ಸಿಕ್ಕಿತ್ತು. ಇಬ್ಬರೂ ಅದನ್ನು ಮಕ್ಕಳಿಗೆ ದಾಟಿಸಲಾಗಲಿಲ್ಲ. ಒಬ್ಬ ಸೆರೆಮನೆಯಲ್ಲಿ ಕತ್ತು ಕೊಯ್ದುಕೊಂಡ, ಇನ್ನೊಬ್ಬ ಗುಂಡಿಗೆ ಬಲಿಯಾದ. ಜಂಗ್ ಬಹಾದೂರ್ ಬೇರೆಯಾದದ್ದು ಕತ್ತಿಯಿಂದಲ್ಲ, ಆ ಕಾಗದದಿಂದ. ಇಡೀ ನಡಿಗೆ ಈ ಒಂದು ಮಾತಿನ ಸುತ್ತ ತಿರುಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಜನಕ್ಕೆ ಹೇಳುವಾಗ ಮೈಸೂರಿನ ಕಳಲೆ ದಳವಾಯಿಗಳನ್ನು ನೆನಪಿಸಿದರೆ ಸಾಕು, ಥಟ್ಟನೆ ಅರ್ಥವಾಗುತ್ತದೆ. ಒಡೆಯರನ್ನು ಹೆಸರಿಗೆ ಕೂರಿಸಿ ದೇವರಾಜಯ್ಯ, ನಂಜರಾಜಯ್ಯ ಆಳಿದರು, ಆದರೆ ಹೈದರ್ ಬಂದಾಗ ಅವರ ಕೈಯಲ್ಲಿ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಮೇಲ್ವಿಚಾರಕರಿಗೆ ಈ ಹೋಲಿಕೆ ಹೇಳಿಕೊಡಬೇಕು.

ಆ ಏರ್ಪಾಡಿನ ಹುಳುಕೂ ಅದರೊಳಗೇ ಇತ್ತು, ಮತ್ತು ಇದನ್ನು ಈ ನಡಿಗೆ ಹೇಳುವುದೇ ಇಲ್ಲ. ಪ್ರಧಾನಿ ಪದವಿ ಅಪ್ಪನಿಂದ ಮಗನಿಗೆ ಹೋಗುವಂಥದ್ದಲ್ಲ, ಅಣ್ಣನಿಂದ ತಮ್ಮನಿಗೆ ಹೋಗುವಂಥದ್ದು. ತಮ್ಮಂದಿರೆಲ್ಲ ಮುಗಿದ ಮೇಲೆ ಮುಂದಿನ ತಲೆಮಾರಿನಲ್ಲಿ ವಯಸ್ಸಿನ ಪ್ರಕಾರ. ಇದನ್ನು ‘ರೋಲ್’ ಎನ್ನುತ್ತಿದ್ದರು. ಪ್ರಧಾನಿಯ ಕೆಳಗೆ ಸೇನಾಪತಿ, ಅವನ ಕೆಳಗೆ ಇನ್ನೊಬ್ಬ ಜನರಲ್, ಹೀಗೆ ಸಾಲು. ಮೇಲಿನವನು ಸತ್ತರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲಕ್ಕೆ. ಅನುಭವ ಇದ್ದವನೇ ಅಧಿಕಾರಕ್ಕೆ ಬರಲಿ, ಎಳೆಯ ಹುಡುಗನ ಹೆಸರಿನಲ್ಲಿ ಬೇರೆಯವರು ಆಳದಿರಲಿ ಎಂಬುದು ಇದರ ಲಾಭ. ಆದರೆ ಮೇಲಿನವನನ್ನು ಕೊಂದರೆ ಬಡ್ತಿ ಬೇಗ ಸಿಗುತ್ತದೆ ಎಂಬ ಆಸೆಯನ್ನೂ ಇದೇ ಹುಟ್ಟಿಸಿತು. ಜಂಗ್ ಬಹಾದೂರ್ 1877ರ ಫೆಬ್ರವರಿಯಲ್ಲಿ ತರಾಯಿಯ ಪತ್ಥರ್‌ಘಟ್ಟದಲ್ಲಿ ಬೇಟೆಯ ಬಿಡಾರದಲ್ಲೇ ತೀರಿಕೊಂಡ. ತಮ್ಮ ರಣೋದೀಪ್ ಸಿಂಗ್ ಪ್ರಧಾನಿಯಾದ. 1885ರ ನವೆಂಬರ್ 22ರಂದು ಕೊನೆಯ ತಮ್ಮ ಧೀರ್ ಶಂಶೇರನ ಮಕ್ಕಳು ಚಿಕ್ಕಪ್ಪ-ದೊಡ್ಡಪ್ಪ ಎನ್ನದೆ ರಣೋದೀಪನನ್ನು ಕೊಂದರು, ಜಗತ್ ಜಂಗನನ್ನೂ ಬಿಡಲಿಲ್ಲ. ಧೀರ್ ಶಂಶೇರನಿಗೆ ಹದಿನೇಳು ಗಂಡುಮಕ್ಕಳು. ಅಲ್ಲಿಂದ 1951ರವರೆಗೆ ಆಳಿದ್ದು ಶಂಶೇರರು, ಜಂಗ್ ಬಹಾದೂರನ ಸಂತಾನವಲ್ಲ. ಕಟ್ಟಿದವನ ಮಕ್ಕಳನ್ನೇ ಅವನು ಕಟ್ಟಿದ ಏರ್ಪಾಡು ನುಂಗಿತು. ಕಾಠ್ಮಂಡುವಿನಲ್ಲಿ ಇವತ್ತು ಕಾಣುವ ದೊಡ್ಡ ದೊಡ್ಡ ರಾಣಾ ಅರಮನೆಗಳೆಲ್ಲ ಬಹುಮಟ್ಟಿಗೆ ಶಂಶೇರರ ಕಾಲದವು ಎಂಬುದಕ್ಕೂ ಕಾರಣ ಇದೇ.

ಇನ್ನು ಉಳಿದ ಜಾಗಗಳು. ಧರಹರಾ ಭೀಮಸೇನ್ ಥಾಪಾ ಕಟ್ಟಿಸಿದ ಗೋಪುರ. 2015ರ ಭೂಕಂಪದಲ್ಲಿ ಕುಸಿಯಿತು, ಈಗಿರುವುದು ಹೊಸತು. ಹೊರಗಿನಿಂದ ನೋಡಿ ಮುಂದೆ ಹೋದರೆ ಸಾಕು. ರಾಣಿ ಪೋಖರಿಯ ಪಕ್ಕದ ದರ್ಬಾರ್ ಹೈಸ್ಕೂಲ್ ತೋರಿಸುವುದು ಒಳ್ಳೆಯದು: ವಿಲಾಯತಿಯಿಂದ ಮರಳಿದ ಮೇಲೆ ಜಂಗ್ ಬಹಾದೂರ್ ತನ್ನ ಮನೆತನದ ಮಕ್ಕಳಿಗಾಗಿ ಥಾಪಾಥಲಿಯಲ್ಲಿ ಶುರುಮಾಡಿದ ಇಂಗ್ಲಿಷ್ ಶಾಲೆ ಮುಂದೆ ಇಲ್ಲಿಗೆ ಬಂತು. ಸಾಮಾನ್ಯರ ಮಕ್ಕಳಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ.

ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, ಗಂಟಾಘರ್ ಬಳಿಯ ಜಾಮೆ ಮಸೀದಿಯಲ್ಲಿ ಅವಧದ ಬೇಗಂ ಹಜ್ರತ್ ಮಹಲ್ ಸಮಾಧಿ ಇದೆ. ಈ ನಡಿಗೆಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ನಿಲುಗಡೆ ಇದು. 1857ರ ದಂಗೆಯಲ್ಲಿ ಜಂಗ್ ಬಹಾದೂರ್ ಗೋರ್ಖಾ ಸೈನ್ಯ ತೆಗೆದುಕೊಂಡು ಇಂಗ್ಲಿಷರ ಪರವಾಗಿ ಲಖ್ನೋವರೆಗೆ ಹೋದ. ಅದಕ್ಕೆ ಪ್ರತಿಯಾಗಿ 1860ರಲ್ಲಿ ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಎಂಬ ತರಾಯಿ ಭಾಗಗಳು ನೇಪಾಳಕ್ಕೆ ಮರಳಿದವು. ಅವನ್ನು ‘ನಯಾ ಮುಲುಕ್’ ಎನ್ನುತ್ತಾರೆ. ಯಾವ ಲಖ್ನೋ ಬೀಳಿಸಲು ಹೋಗಿದ್ದನೋ ಅದೇ ಲಖ್ನೋದ ಬೇಗಂಗೆ ಕಾಠ್ಮಂಡುವಿನಲ್ಲಿ ಆಸರೆಯನ್ನೂ ಕೊಟ್ಟ. ಅವಳು 1879ರಲ್ಲಿ ಇಲ್ಲೇ ತೀರಿಕೊಂಡಳು. ಮಸೀದಿಯೊಳಗೆ ಹೋಗುವಾಗ ತಲೆ ಮೇಲೆ ಸೆರಗು ಅಥವಾ ಟವೆಲ್ ಇರಲಿ, ನಮಾಜಿನ ಹೊತ್ತು ತಪ್ಪಿಸಿ. ಶುಕ್ರವಾರ ಮಧ್ಯಾಹ್ನ ಬೇಡ.

ಊಟದ ಬಗ್ಗೆ ಒಂದು ಎಚ್ಚರಿಕೆ. ‘ರಾಣಾ ಥಾಳಿ’ ಎಂದು ಕೆಲವು ಹೋಟೆಲುಗಳಲ್ಲಿ ಕೊಡುತ್ತಾರೆ, ಆ ಅಡುಗೆಯ ಜೀವ ಇರುವುದು ಮಾಂಸದಲ್ಲಿ. ಸಸ್ಯಾಹಾರಿಗಳಿಗೆ ಅದೇ ಹೆಸರಿನಲ್ಲಿ ಬರುವುದು ಮಾಮೂಲಿ ದಾಲ್, ಭಾತ್, ತರಕಾರಿ, ದರ ಮಾತ್ರ ಜಾಸ್ತಿ. ನಮ್ಮ ಹವ್ಯಕ ಗುಂಪುಗಳು ಅದರ ಬದಲು ಸಾದಾ ದಾಲ್‌ಭಾತ್ ಕೇಳಿ, ಜೊತೆಗೆ ಗುಂದ್ರುಕ್ ಹೇಳಿ. ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಮಾಡುವ ಪದಾರ್ಥ, ಅಪ್ಪೆಹುಳಿ ರುಚಿ ಹಿಡಿದ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಈರುಳ್ಳಿ-ಬೆಳ್ಳುಳ್ಳಿ ಬೇಡವಾದವರು ಹಿಂದಿನ ದಿನವೇ ಹೇಳಬೇಕು. ಕವಳದ ಸಂಚಿ ಊರಿನಿಂದಲೇ ಒಯ್ಯಿರಿ.

ಮಧ್ಯಾಹ್ನ ಛೌನಿಯ ರಾಷ್ಟ್ರೀಯ ಸಂಗ್ರಹಾಲಯ. ಸ್ವಯಂಭೂ ಗುಡ್ಡದ ಬುಡದಲ್ಲಿದೆ. ಈ ಹಳೇ ಕಟ್ಟಡ ಭೀಮಸೇನ್ ಥಾಪಾನ ಕಾಲದ್ದು, ಆಮೇಲೆ ಶಸ್ತ್ರಾಗಾರವಾಗಿತ್ತು. ಟಿಬೆಟ್ ಯುದ್ಧದಲ್ಲಿ ವಶಪಡಿಸಿಕೊಂಡ ಚರ್ಮದ ತೋಪು ಹತ್ತಿರ ಹೋಗಿ ನೋಡಬೇಕಾದ ವಸ್ತು: ತೋಪಿನ ನಳಿಗೆಯ ಮೇಲೆ ಚರ್ಮ ಸುತ್ತಿ ಬಿಗಿದಿದ್ದಾರೆ, ಬೆಟ್ಟದ ದಾರಿಯಲ್ಲಿ ಹೊತ್ತೊಯ್ಯಲು ಹಗುರ. ರಾಣಾಗಳ ಚಿತ್ರಗಳಲ್ಲಿ ಕಿರೀಟದ ಮೇಲಿನ ಗರಿಯ ತುರಾಯಿಯನ್ನು ಗಮನಿಸಿ. ಮಂತ್ರಿಯೊಬ್ಬ ಕಿರೀಟ ಇಟ್ಟುಕೊಂಡಿದ್ದಾನೆ ಎಂಬುದನ್ನು ಗೈಡ್ ಇಲ್ಲಿ ಬೊಟ್ಟು ಮಾಡಿ ತೋರಿಸಿದರೆ, ಮೇಲೆ ಹೇಳಿದ ಲಾಲ್‌ಮೋಹರ್ ಕಣ್ಣಿಗೇ ಕಟ್ಟುತ್ತದೆ. ಈಗ ಗುಂಪನ್ನು ಕತ್ತಿ, ಬಂದೂಕುಗಳ ಕೋಣೆಯಲ್ಲೇ ಬಿಟ್ಟುಬಿಡುತ್ತಾರೆ.

ಕೊನೆಯ ಎರಡು ಜಾಗ ಬಾಗ್ಮತಿ ದಂಡೆಯವು. ಥಾಪಾಥಲಿಯಲ್ಲಿ ಜಂಗ್ ಬಹಾದೂರನ ದರ್ಬಾರಿತ್ತು. ಆ ಆವರಣದಲ್ಲಿ ಈಗ ಹೆರಿಗೆ ಆಸ್ಪತ್ರೆ, ಬ್ಯಾಂಕು ಇವೆ. ಬಸ್ಸಿನಿಂದಲೇ ತೋರಿಸುವುದು ಸರಿ, ಇಳಿಯುವ ಅಗತ್ಯವಿಲ್ಲ. ಇಳಿಯಬೇಕಾದದ್ದು ತ್ರಿಪುರೇಶ್ವರದ ಕಾಲಮೋಚನ ಘಟ್ಟದಲ್ಲಿ. ಅವನೇ ಕಟ್ಟಿಸಿದ ವಿಷ್ಣು ದೇವಸ್ಥಾನ. ಮುಸಲ್ಮಾನ ಶೈಲಿಯ ಗುಮ್ಮಟ, ಮೂಲೆಗಳಲ್ಲಿ ರೆಕ್ಕೆಯ ಸಿಂಹದಂಥ ಗ್ರಿಫಿನ್ ಮೂರ್ತಿಗಳು, ನೇಪಾಳದ ಮಾಮೂಲಿ ಪಗೋಡದ ಹಾಗಿಲ್ಲ. 2015ರಲ್ಲಿ ಬಿದ್ದದ್ದನ್ನು ಮತ್ತೆ ಎಬ್ಬಿಸಿದ್ದಾರೆ. ಕೋತ್‌ನಲ್ಲಿ ಸತ್ತವರ ಬೂದಿ ಇದರ ಅಡಿಪಾಯದಲ್ಲಿದೆ ಎಂದು ಊರವರು ಹೇಳುತ್ತಾರೆ. ಗೈಡ್ ಇದನ್ನು ಜನರ ನಂಬಿಕೆ ಎಂದೇ ಹೇಳಿದರು, ಇತಿಹಾಸವೆಂದು ಮಾರಲಿಲ್ಲ. ಅದಕ್ಕಾಗಿ ಅವರಿಗೆ ಪೂರ್ತಿ ಅಂಕ.

ಕೈಪಿಡಿಯ ಮೂರನೆಯ ತೊಂದರೆ ಇಸವಿಗಳದ್ದು. ನೇಪಾಳದ ಫಲಕಗಳಲ್ಲೆಲ್ಲ ವಿಕ್ರಮ ಸಂವತ್ಸರ. ಕೈಪಿಡಿ ತಯಾರಿಸಿದವರು ಎಲ್ಲದರಿಂದಲೂ 57 ಕಳೆದಿದ್ದಾರೆ. ಅಲ್ಲಿಯ ಹೊಸವರ್ಷ ಏಪ್ರಿಲ್ ನಡುವೆ ಬರುವುದರಿಂದ, ಆಗಿನಿಂದ ಡಿಸೆಂಬರ್ ಕೊನೆಯವರೆಗಿನ ಘಟನೆಗೆ 57, ಜನವರಿಯಿಂದ ಏಪ್ರಿಲ್ ನಡುವಿನವರೆಗಿನದಕ್ಕೆ 56 ಕಳೆಯಬೇಕು. ಕೋತ್ ನಡೆದದ್ದು ಸಂವತ್ 1903, ಸೆಪ್ಟೆಂಬರ್: 57 ಕಳೆದರೆ 1846, ಸರಿ. ರಾಣಾ ಆಳ್ವಿಕೆ ಮುಗಿದದ್ದು 2007ರ ಫಾಲ್ಗುಣ 7: ಇಲ್ಲಿ 56 ಕಳೆಯಬೇಕು, 1951ರ ಫೆಬ್ರವರಿ 18. ಕೈಪಿಡಿಯಲ್ಲಿ 1950 ಎಂದಿದೆ. ಮುಲುಕಿ ಐನ್‌ನ 1910 ಕೂಡ ಹೀಗೇ 1853 ಆಗಿಬಿಟ್ಟಿದೆ. ಅದು 1854ರ ಜನವರಿ.

ಬದಲಿಸಬೇಕಾದ ಅನುಕ್ರಮ ಹೀಗಿದ್ದರೆ ಚೆಂದ: ಬೆಳಿಗ್ಗೆ ಹನುಮಾನ್ ಢೋಕಾ, ಕೋತ್ ಹೊರಗಿನ ರಸ್ತೆ, ನಂತರ ಬಸ್ಸಿನಲ್ಲಿ ಛೌನಿ, ಊಟ, ಥಾಪಾಥಲಿ, ಕಾಲಮೋಚನ, ಆಮೇಲೆ ದರ್ಬಾರ್ ಹೈಸ್ಕೂಲ್ ಮತ್ತು ಬೇಗಂ ಸಮಾಧಿ. ಸಿಂಹ ದರ್ಬಾರ್ ಎಲ್ಲಕ್ಕಿಂತ ಕೊನೆಗೆ. ಸಮಯ ಸಾಲದಿದ್ದರೆ ಬಿಡಬೇಕಾದದ್ದು ಧರಹರಾ, ಛೌನಿಯಲ್ಲ.

ಹೊರಡುವವರಿಗೆ ಕೆಲವು ಮಾತು. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿಯ ಮೂಲಪ್ರತಿ ಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ, 15ರ ಒಳಗಿನವರಿಗೆ ಮಾತ್ರ. ಗೋವಾ ಅಥವಾ ಹುಬ್ಬಳ್ಳಿಯಿಂದ ದೇಶದೊಳಗಿನ ವಿಮಾನಕ್ಕೆ ಆಧಾರ್ ಸಾಕಾಗುತ್ತದೆ, ದೆಹಲಿಯಲ್ಲಿ ಕಾಠ್ಮಂಡು ವಿಮಾನಕ್ಕೆ ಹತ್ತುವಾಗ ತಡೆಯುತ್ತಾರೆ. ಎಡವಟ್ಟಾಗುವುದು ಅಲ್ಲೇ. ನಮ್ಮ 100 ರೂಪಾಯಿಗೆ ಅಲ್ಲಿ 160. ನೂರರ ನೋಟುಗಳನ್ನೇ ಹೆಚ್ಚು ಇಟ್ಟುಕೊಳ್ಳಿ. ಟಿಕೆಟ್ ಕಿಟಕಿಯಲ್ಲಿ ಗುರುತಿನ ಚೀಟಿ ತೋರಿಸಿ ಸಾರ್ಕ್ ದರ ಕೇಳಿ, ಬೇರೆ ವಿದೇಶಿಯರಿಗಿಂತ ಬಹಳ ಕಡಿಮೆ. ಗಡಿಯಾರ ಹದಿನೈದು ನಿಮಿಷ ಮುಂದಿಡಿ. ಡಿಸೆಂಬರ್-ಜನವರಿಯ ಬೆಳಗಿನ ಚಳಿ ಶಿರಸಿಯವರಿಗೂ ಜಾಸ್ತಿಯೇ, ಕಾರವಾರ-ಅಂಕೋಲಾದವರಿಗೆ ಸ್ವೆಟರ್ ಒಂದರಿಂದ ಆಗುವುದಿಲ್ಲ. ಅರಮನೆಯ ಒಳಮೆಟ್ಟಿಲುಗಳು ಕಡಿದು, ಬಾಗಿಲುಗಳು ಗಿಡ್ಡ. ಮಂಡಿನೋವಿನವರು ಮೇಲಂತಸ್ತು ಹತ್ತದೆ ನಾಸಲ್ ಚೌಕದಲ್ಲೇ ಕೂತಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ಅದೇ ದಿನ ಸಂಜೆ ಪಶುಪತಿಯ ಆರತಿಗೆ ಹೋಗುವವರು ಚರ್ಮದ ಬೆಲ್ಟು, ಪರ್ಸು ಹೋಟೆಲಿನಲ್ಲೇ ಬಿಟ್ಟು ಬನ್ನಿ. ಗರ್ಭಗುಡಿಯ ಭಟ್ಟರು ನಮ್ಮ ಕರಾವಳಿ ಕಡೆಯವರೇ ಆದರೂ ನಿಯಮದಲ್ಲಿ ವಿನಾಯಿತಿ ಇಲ್ಲ.

ಮುಂಗಡ ಕೊಡುವ ಮೊದಲು ಆಯೋಜಕರಲ್ಲಿ ನಡಿಗೆ ಯಾವ ವಾರ ಎಂದು ಕೇಳಿ. ಮಂಗಳವಾರ ಛೌನಿ ಮುಚ್ಚಿರುತ್ತದೆ, ಶನಿವಾರ ಅಲ್ಲಿಯ ವಾರದ ರಜೆ, ಎಲ್ಲೆಡೆ ಊರ ಜನರೇ ತುಂಬಿರುತ್ತಾರೆ. ಬುಧವಾರ, ಗುರುವಾರ ಸಿಕ್ಕರೆ ಒಪ್ಪಿಕೊಳ್ಳಿ. ಗುಂಪು ಇಪ್ಪತ್ತು ಮೀರಿದರೆ ಎರಡನೆಯ ಗೈಡ್ ಕೊಡುತ್ತಾರೋ ಎಂಬುದನ್ನೂ ಬರೆಸಿಕೊಳ್ಳಿ. ಹನುಮಾನ್ ಢೋಕಾದ ಗದ್ದಲದಲ್ಲಿ ಒಬ್ಬರ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ.